ಸೊನ್ನೆಯನ್ನೂ ಬರೆಯುವ ರೈಟರ್

ಈಚೆಗೆ ಆಪ್ತಸಮಾಲೋಚನೆಗೆ ನನ್ನ ಬಳಿ ಬರುವವರಲ್ಲಿ ಹೊಸದೊಂದು ಬಗೆ ಸೇರಿಕೊಂಡಿದೆ. ಇವರು “ನನಗೆ ಕಷ್ಟ ಇದೆ” ಅಂತ ಬರುವುದಿಲ್ಲ. “ಪಾಸಿಟಿವ್ ಆಗಿ ಯೋಚನೆ ಮಾಡೋಕೆ ನನಗೆ ಬರ್ತಾ ಇಲ್ಲ ಮೇಡಂ, ಹೇಳಿಕೊಡಿ” ಅಂತ ಬರುತ್ತಾರೆ. ನರ್ಸಿಂಗ್ ಓದುವ ಹುಡುಗಿ, ಹೋಮ್‌ಸ್ಟೇ ನಡೆಸುವವರು, ಬ್ಯಾಂಕಿನ ಗುಮಾಸ್ತರು. ಎಲ್ಲರ ಮುಖದಲ್ಲೂ ಪರೀಕ್ಷೆಯಲ್ಲಿ ಫೇಲಾದವರ ಕಳೆ. ಮೊದಲೇ ಕಷ್ಟ. ಅದರ ಮೇಲೆ, ಕಷ್ಟದಲ್ಲಿ ನಗುವುದಕ್ಕೂ ನನ್ನ ಕೈಲಿ ಆಗಲಿಲ್ಲವಲ್ಲ ಅನ್ನುವ ಬರೆ.

ಅವರಲ್ಲಿ ಒಬ್ಬರ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕಮಗಳೂರು ತಾಲ್ಲೂಕಿನ ಒಂದು ಕಾಫಿ ತೋಟದ ರೈಟರ್. ಮಲೆನಾಡಿನವರಿಗೆ ಹೇಳಬೇಕಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ರೈಟರ್ ಅಂದರೆ ಕಥೆ ಬರೆಯುವವರಲ್ಲ. ಆಳುಗಳ ಹಾಜರಿ, ಚೆಕ್‌ರೋಲ್ ಅನ್ನುವ ಕೂಲಿ ಪಟ್ಟಿ, ವಾರದ ಬಟವಾಡೆ, ಗೊಬ್ಬರ, ಡೀಸೆಲ್, ಎಲ್ಲದರ ಲೆಕ್ಕ ಇಡುವವರು. ಅವರನ್ನು ಕೇಳಿ, ಅವರು ಓದಿ ಒಪ್ಪಿದ ಮೇಲೆ ಇದನ್ನು ಬರೆದಿದ್ದೇನೆ. ಗುರುತು ಸಿಗುವಂಥ ಕೆಲವು ವಿವರ ಬದಲಾಯಿಸಿದ್ದೇನೆ. ಹೆಸರು ಬೇಡ, ರೈಟರ್ ಅಂತಲೇ ಕರೆಯೋಣ. ತೋಟದಲ್ಲೂ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ.

ವಯಸ್ಸು ನಲವತ್ತರ ಆಸುಪಾಸು. ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು. ತಂಗಿಯ ಮದುವೆಗೆ ಮಾಡಿದ ಸೊಸೈಟಿ ಸಾಲ ಇನ್ನೂ ತೀರಿಲ್ಲ. ಅಕ್ಟೋಬರ್‌ನಲ್ಲಿ ಮೊದಲ ಸಲ ಬಂದಾಗ ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರ. ಎದೆ ಹಿಡಿದ ಹಾಗೆ ಆಗುತ್ತದೆ ಅಂತ ಡಾಕ್ಟರ್ ಹತ್ತಿರ ಹೋಗಿ ಇಸಿಜಿ ಮಾಡಿಸಿದ್ದರು. ಅದು ಸರಿಯಾಗಿತ್ತು.

ಕೆಲಸದ ಕಷ್ಟ ಸರಳವಾಗಿತ್ತು. ನವೆಂಬರ್‌ನಿಂದ ಅರೇಬಿಕಾ ಹಣ್ಣು ಬಿಡಿಸಬೇಕು, ಅದರ ಹಿಂದೆಯೇ ಜನವರಿಯಿಂದ ರೋಬಸ್ಟಾ. ನಲವತ್ತು ಆಳು ಬೇಕಾದ ಕಡೆ ಬರುತ್ತೇವೆ ಅಂದವರು ಇಪ್ಪತ್ತೆರಡು. ಅಸ್ಸಾಂ ಕಡೆಯ ಗುಂಪೊಂದು ಬೇರೆ ತೋಟಕ್ಕೆ ಒಪ್ಪಿಕೊಂಡಾಗಿತ್ತು. ಇದನ್ನು ಹೇಳೋಣ ಅಂದರೆ ಹೇಳುವ ಹಾಗಿಲ್ಲ. ಯಾಕೆಂದರೆ ತೋಟದ ಆಫೀಸಿನಲ್ಲಿ ಒಂದು ಡಬ್ಬಿ ಇತ್ತು.

ಆ ಡಬ್ಬಿಯ ಕಥೆ ಹೀಗೆ. ಸಾಹುಕಾರರ ಮಗ, ಎಲ್ಲರ ಬಾಯಲ್ಲಿ ಚಿಕ್ಕ ಸಾಹುಕಾರ್ರು, ಎರಡು ದಿನದ ತರಬೇತಿಯೊಂದಕ್ಕೆ ಹೋಗಿ ಬಂದಿದ್ದರು. ಮುಂದಿನ ಸಲ ಆಫೀಸಿನವರನ್ನೂ ಕಳಿಸಿದರು. ಅಲ್ಲಿ ಎಲ್ಲರಿಗೂ ಒಂದೊಂದು ಕಾರ್ಡ್ ಕೊಟ್ಟರು. “ನನ್ನಿಂದ ಎಲ್ಲವೂ ಸಾಧ್ಯ. ಎಲ್ಲವೂ ಒಳ್ಳೆಯದೇ ಆಗುತ್ತಿದೆ.” ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು 21 ಸಲ ಹೇಳಬೇಕು. ತೋಟಕ್ಕೆ ವಾಪಸ್ ಬಂದ ಮೇಲೆ ಆಫೀಸಿನಲ್ಲಿ ಡಬ್ಬಿ ಇಟ್ಟರು. “ಆಗಲ್ಲ”, “ಕಷ್ಟ”, “ಸಿಗಲ್ಲ” ಅಂದವರು ಹತ್ತು ರೂಪಾಯಿ ಹಾಕಬೇಕು. ರೈಟರ್ ಅಲ್ಲಿಯವರೆಗೆ 340 ರೂಪಾಯಿ ಹಾಕಿದ್ದರು. ಅದರ ಲೆಕ್ಕವನ್ನೂ ಇಟ್ಟಿದ್ದರು ಅನ್ನುವುದು ಬೇರೆ ಮಾತು.

ಚಿಕ್ಕ ಸಾಹುಕಾರರ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಸದಾ ಗೊಣಗುವ ಆಫೀಸಿನಲ್ಲಿ ಕೂತು ಕೆಲಸ ಮಾಡುವುದು ಯಾರಿಗೂ ಬೇಡ. ಆದರೆ ಡಬ್ಬಿ ಬಂದ ಮೇಲೆ ಗೊಣಗಾಟದ ಜೊತೆ ಸುದ್ದಿಯೂ ನಿಂತುಹೋಯಿತು. ಆಳು ಕಡಿಮೆ ಅನ್ನುವುದು ಗೊಣಗಾಟವಾ, ಸುದ್ದಿಯಾ? ಆ ವ್ಯತ್ಯಾಸ ಡಬ್ಬಿಗೆ ಗೊತ್ತಾಗುವುದಿಲ್ಲ.

ಮೊದಲ ಎರಡು ಭೇಟಿಗಳಲ್ಲಿ ನಾನು ಹೆಚ್ಚೇನೂ ಸಾಧಿಸಲಿಲ್ಲ. ಕಾರ್ಡ್ ಓದುವುದನ್ನು ನಿಲ್ಲಿಸಿ ಅಂದೆ. ಅವರು ಹೆದರಿದರು. ನಿಲ್ಲಿಸಿದರೆ ಇನ್ನೂ ಕೆಟ್ಟದ್ದಾಗುತ್ತದೆ ಅನ್ನುವ ಭಯ. ಹರಕೆ ಅರ್ಧಕ್ಕೆ ಬಿಟ್ಟವರ ಭಯ ಇರುತ್ತದಲ್ಲ, ಹಾಗೆ. “ನಾನು ಮನಸಾರೆ ಹೇಳ್ತಾ ಇಲ್ಲ ಅನ್ಸುತ್ತೆ ಮೇಡಂ. ಅದಕ್ಕೇ ಕೆಲಸ ಮಾಡ್ತಾ ಇಲ್ಲ” ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಮೂರನೇ ಸಲ ಬಂದಿದ್ದು ನವೆಂಬರ್ ಮೊದಲ ವಾರ. ಹೊರಗೆ ಮಳೆ. ಕಣದಲ್ಲಿ ಕಾಫಿ ಹರಡುವ ಕಾಲಕ್ಕೆ ಬರುವ ಈ ಮಳೆಯನ್ನು ನಮ್ಮ ಕಡೆ ಯಾರೂ ಹೊಗಳುವುದಿಲ್ಲ. ಕಂಕುಳಲ್ಲಿ ಪ್ಲಾಸ್ಟಿಕ್ ಕವರ್ ಸುತ್ತಿದ ಉದ್ದನೆಯ ಪುಸ್ತಕವಿತ್ತು. ಅದನ್ನು ಒರೆಸಿ, ಒಣಗಿದ ಜಾಗ ನೋಡಿ ಇಟ್ಟು, ಆಮೇಲೆ ತಾವು ಕೂತರು.

“ಏನದು?”

“ಮಳೆ ಪುಸ್ತಕ ಮೇಡಂ. ಹೊಲಿಗೆ ಬಿಟ್ಟಿದೆ, ಬೈಂಡ್ ಮಾಡಿಸ್ಬೇಕು.”

ನೋಡಬಹುದಾ ಅಂದೆ. ಸುಮ್ನೆ ಕುತೂಹಲ, ಅಷ್ಟೇ. ಅದರಲ್ಲಿ ಯಾವ ತಂತ್ರವೂ ಇರಲಿಲ್ಲ. ಅವರು ಬಿಚ್ಚಿ ನನ್ನ ಕಡೆ ತಿರುಗಿಸಿದರು. ತಿಂಗಳಿಗೊಂದು ಪುಟ. ಹನ್ನೊಂದು ವರ್ಷದ ಬರಹ, ಎಲ್ಲ ಅವರದೇ ಕೈ. ದಿನಾ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆಯುವ ರೈನ್‌ಗೇಜ್ ನೋಡಿ ಬರೆದದ್ದು. ಮಿಲಿಮೀಟರ್ ಬಂದು ಎಷ್ಟೋ ಕಾಲವಾಯಿತು, ನಮ್ಮ ತೋಟಗಳಲ್ಲಿ ಮಳೆ ಇನ್ನೂ ಇಂಚು, ಸೆಂಟಿನಲ್ಲೇ ಬೀಳುತ್ತದೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಜುಲೈ ಪುಟಗಳಲ್ಲಿ ಅಂಕಿಗಳು ಒತ್ತಿಕೊಂಡಿದ್ದವು. ಜನವರಿ, ಫೆಬ್ರವರಿ ಪುಟಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಸೊನ್ನೆಗಳ ಸಾಲು. ಒಂದೊಂದು ಸೊನ್ನೆಯೂ ಗುಂಡಗೆ, ಅಚ್ಚುಕಟ್ಟಾಗಿ.

“ಇಷ್ಟೊಂದು ಸೊನ್ನೆ ಯಾಕೆ ಬರೀತೀರಿ? ಮಳೆ ಬಂದ ದಿನ ಮಾತ್ರ ಬರೆದ್ರೆ ಸಾಲದಾ?”

ಅವರು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಏನೂ ತಿಳಿಯದವರನ್ನು ನೋಡುವ ಹಾಗೆ. ಅಲ್ಲಿಯವರೆಗೆ ನನ್ನ ಮುಂದೆ ಮುದುಡಿ ಕೂರುತ್ತಿದ್ದವರು ನೆಟ್ಟಗೆ ಕೂತರು.

“ಸೊನ್ನೆ ಬರೀದೇ ಇದ್ರೆ, ಆ ದಿನ ಮಳೆ ಬರ್ಲಿಲ್ವೋ, ನಾನು ಹೋಗಿ ನೋಡ್ಲೇ ಇಲ್ವೋ, ಹೇಗೆ ಗೊತ್ತಾಗುತ್ತೆ ಮೇಡಂ? ಸೊನ್ನೆನೂ ಲೆಕ್ಕವೇ.”

“ಫೆಬ್ರವರಿ ಪೂರ್ತಿ ಸೊನ್ನೆ ಬಂದ್ರೆ?”

“ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕಿಸ್ತೀವಿ. ಹೂವಿಗೆ ಒಂದು ಇಂಚಾದ್ರೂ ಬೀಳ್ಬೇಕು. ಹತ್ತಿಪ್ಪತ್ತು ಸೆಂಟು ಬಿದ್ದು ನಿಂತ್ರೆ ಅದು ಇನ್ನೂ ಕೆಟ್ಟದ್ದು, ಮೊಗ್ಗು ಅರ್ಧಂಬರ್ಧ ಅರಳಿ ಹಾಳಾಗುತ್ತೆ. ಸರಿಯಾಗಿ ಬಿದ್ರೆ ಎಂಟು ಹತ್ತು ದಿನಕ್ಕೆ ಹೂವು. ಆಮೇಲೆ ಹದಿನೈದು ಇಪ್ಪತ್ತು ದಿನ ಬಿಟ್ಟು ಇನ್ನೊಂದು ಮಳೆ ಬೇಕು, ಕಾಯಿ ಕಚ್ಚೋಕೆ. ಬರ್ಲಿಲ್ಲ ಅಂದ್ರೆ ಮತ್ತೆ ಪೈಪ್ ಎಳೀಬೇಕು.”

ನಾನು ಸ್ವಲ್ಪ ಕೀಟಲೆ ಮಾಡಿದೆ. “ಮಳೆ ಬಂದೇ ಬರುತ್ತೆ ಅಂತ ಪಾಸಿಟಿವ್ ಆಗಿ ಇರಲ್ವಾ?”

ನಕ್ಕರು. ನನ್ನ ಕೋಣೆಯಲ್ಲಿ ಅವರು ನಕ್ಕಿದ್ದು ಅದೇ ಮೊದಲು. ನಗು ನಿಂತ ಮೇಲೆ ತುಂಬ ಹೊತ್ತು ಪುಸ್ತಕವನ್ನೇ ನೋಡುತ್ತಾ ಕೂತರು. ಆಮೇಲೆ ಹೇಳಿದರು:

“ಆ ಡಬ್ಬಿ ಹನ್ನೊಂದು ವರ್ಷದಿಂದ ಇದ್ದಿದ್ರೆ, ಈ ಸೊನ್ನೆಗೆಲ್ಲ ಹತ್ತತ್ತು ರೂಪಾಯಿ ಹಾಕ್ಬೇಕಾಗಿತ್ತು.”

ನಾನು ಎರಡು ಭೇಟಿಗಳಲ್ಲಿ ಹೇಳಲಾಗದ್ದನ್ನು ಅವರೇ ಒಂದು ಮಾತಿನಲ್ಲಿ ಹೇಳಿಬಿಟ್ಟರು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಬಹುದು. ನಾನು ಬಿಡಲಿಲ್ಲ. ಯಾಕೆಂದರೆ ಅದು ಅರ್ಧ ಮಾತ್ರ. ಕಾರ್ಡ್ ಸುಳ್ಳು ಅಂದರೆ ಅವರ ಮೂರು ಗಂಟೆಯ ಯೋಚನೆಗಳು ನಿಜ ಅಂತ ಆಗುವುದಿಲ್ಲ. ಆ ಯೋಚನೆಗಳ ಲೆಕ್ಕದಲ್ಲೂ ಮೋಸ ಇತ್ತು.

“ಹೋದ ವಾರ ನೀವು ಏನಂದ್ರಿ? ಈ ತಿಂಗಳು ಒಂದೂ ಸರಿ ಆಗ್ಲಿಲ್ಲ ಅಂದ್ರಿ. ಒಂದೂ ಅಂದ್ರೆ ಮೂವತ್ತು ಸೊನ್ನೆ. ದಿನಾ ಹೋಗಿ ನೋಡಿ ಬರೆದ್ರಾ, ಕೂತಲ್ಲೇ ಬರೆದ್ರಾ?”

ರೈಟರ್‌ಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅವರಿಗೆ ಸ್ವಲ್ಪ ಕೋಪವೂ ಬಂತು. ಸರಿ, ಹೋದ ವಾರದ ಒಂದೊಂದು ದಿನವನ್ನೂ ಬರೆಯೋಣ ಅಂದೆ. ಒಂದು ಹಾಳೆ ತೆಗೆದುಕೊಂಡೆವು. ಇಪ್ಪತ್ತೈದು ನಿಮಿಷ ಹಿಡಿಯಿತು. ಸೋಮವಾರ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬೆಲ್ಟ್ ಕಿತ್ತುಹೋಯಿತು. ಆಮೇಲೆ? ಪಕ್ಕದ ತೋಟದವರಿಗೆ ಫೋನ್ ಮಾಡಿ ಎರಡು ಗಂಟೆಯೊಳಗೆ ಬೇರೆ ಬೆಲ್ಟ್ ತರಿಸಿದರು. ಯಾರು ತರಿಸಿದ್ದು? “ನಾನೇ.” ಮಂಗಳವಾರ ಮಗಳು ಪಾಠ ಒಪ್ಪಿಸಿದಳು, ಕೇಳುತ್ತಾ ನಿದ್ದೆ ಹೋದರು. ಬುಧವಾರ ಸೊನ್ನೆ. ಪ್ರಾಮಾಣಿಕವಾದ ಸೊನ್ನೆ, ಮೇಸ್ತ್ರಿಯ ಜೊತೆ ಜಗಳ. ಶನಿವಾರ ಬಟವಾಡೆ, ಒಂದು ರೂಪಾಯಿ ಹೆಚ್ಚು ಕಡಿಮೆ ಇಲ್ಲದೆ ಲೆಕ್ಕ ಕೂಡಿತು.

“ಅದನ್ನು ಬರೆಯಿರಿ.”

“ಅದು ನನ್ನ ಕೆಲಸ ಅಲ್ವಾ ಮೇಡಂ? ಅದರಲ್ಲೇನಿದೆ?”

“ಮೋಡದ ಕೆಲಸವೂ ಮಳೆ ಸುರಿಸೋದೇ. ಹಾಗಂತ ನೀವು ಬರೆಯದೆ ಬಿಡ್ತೀರಾ?”

ಯೋಚಿಸಿ “ಹತ್ತು ಸೆಂಟು” ಅಂತ ಬರೆದರು. ಬೆಲ್ಟಿಗೆ ಮೂವತ್ತು ಕೊಟ್ಟರು. ಮಗಳ ಪಾಠಕ್ಕೆ ಎಷ್ಟು ಅಂತ ತೀರ್ಮಾನವಾಗಲಿಲ್ಲ. ಪೆನ್ನು ಹಿಡಿದು ಕೂತಿದ್ದವರು, ಕೊನೆಗೆ ಅಂಕಿ ಹಾಕದೆ ಒಂದು ಟಿಕ್ ಹಾಕಿದರು.

ಅವತ್ತು ನಾನು ಕೊಟ್ಟ ಸಲಹೆ ಇಷ್ಟು. ಕನ್ನಡಿಯ ಕಾರ್ಡ್ ತೆಗೆದಿಡಿ, ಬೇಕಾದರೆ ದೇವರ ಮನೆಯಲ್ಲಿ ಇಡಿ, ಹರಿಯಬೇಡಿ. ರಾತ್ರಿ ಊಟದ ಮೇಲೆ ಹತ್ತು ನಿಮಿಷ, ಆ ದಿನದ ಪುಟ ಬರೆಯಿರಿ. ಸೊನ್ನೆ ಇದ್ದರೆ ಸೊನ್ನೆ, ಐದು ಸೆಂಟಿದ್ದರೆ ಐದು ಸೆಂಟು. ಸೊನ್ನೆಯ ಪಕ್ಕದಲ್ಲಿ, ನಿಮ್ಮ ಕೈಯಲ್ಲಿ ಪೈಪ್ ಎಳೆಯುವಂಥದ್ದು ಏನಾದರೂ ಇದ್ದರೆ ಒಂದೇ ಸಾಲು. ಮೂರು ಗಂಟೆಗೆ ಎಚ್ಚರವಾಗಿ ಆಳಿನ ಲೆಕ್ಕ ತಲೆಗೆ ಬಂದರೆ ಎದ್ದು ಚೀಟಿಯಲ್ಲಿ ಬರೆದು ಮಡಚಿಡಿ, ಬೆಳಿಗ್ಗೆ ಏಳಕ್ಕೆ ತೆಗೆದು ನೋಡಿ. ಹಾಗೆಯೇ, ಮೂರು ವರ್ಷದ ಆಳಿನ ಲೆಕ್ಕ, ದಿನಕ್ಕೆ ಎಷ್ಟು ಹಣ್ಣು ಬಿಡಿಸಿದರು, ಎಷ್ಟು ಉದುರಿತು, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಾಹುಕಾರರ ಮುಂದಿಡಿ. ಈ ಕೊನೆಯದರ ಬಗ್ಗೆ ಆಮೇಲೆ ಹೇಳುತ್ತೇನೆ.

ಇದನ್ನು ಕೇಳಿದ ನನ್ನ ಪರಿಚಯದ ತರಬೇತುದಾರರೊಬ್ಬರು “ನೀವು ಜನರನ್ನ ನೆಗೆಟಿವ್ ಮಾಡ್ತಾ ಇದ್ದೀರಿ” ಅಂದರು. ನಾನು ಹಾಗೆ ಭಾವಿಸುವುದಿಲ್ಲ. ಹೀಗೆ ಮತ್ತೆ ಮತ್ತೆ ಹೇಳಿಕೊಳ್ಳುವುದು ಹೊಸದೇನಲ್ಲ. ಫ್ರಾನ್ಸಿನಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದ ಎಮಿಲ್ ಕುಯೆ ನೂರು ವರ್ಷದ ಹಿಂದೆಯೇ, ದಿನದಿಂದ ದಿನಕ್ಕೆ ಎಲ್ಲ ರೀತಿಯಲ್ಲೂ ಸುಧಾರಿಸುತ್ತಿದ್ದೇನೆ ಅಂತ ಇಪ್ಪತ್ತು ಸಲ ಹೇಳಿಕೊಳ್ಳಲು ಕಲಿಸುತ್ತಿದ್ದರು. ಕೆಲವರಿಗೆ ಅದು ಹಿಡಿಸುತ್ತದೆ. ಮೊದಲೇ ತಮ್ಮ ಮೇಲೆ ಭರವಸೆ ಇದ್ದವರಿಗೆ ಅದು ಇನ್ನೊಂದು ಚಮಚ ಸಕ್ಕರೆ. ಇಲ್ಲದವರಿಗೆ? ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಜೊತೆಯವರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತು. ತಮ್ಮ ಬಗ್ಗೆ ಕೀಳರಿಮೆ ಇದ್ದವರು, ನಾನು ಪ್ರೀತಿಗೆ ಯೋಗ್ಯ ಅನ್ನುವಂಥ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ಹೇಳಿಕೊಳ್ಳದೇ ಇದ್ದವರಿಗಿಂತ ಕುಗ್ಗಿದರು. ಯಾಕೆ ಅಂತ ರೈಟರ್ ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು. ಬಾಯಿ ಒಂದು ಹೇಳಿದಾಗಲೆಲ್ಲ ಒಳಗೊಬ್ಬ “ಸುಳ್ಳು” ಅನ್ನುತ್ತಾನೆ. 21 ಸಲ ಹೇಳಿದರೆ 21 ಸಲ ಅನ್ನುತ್ತಾನೆ.

ಇನ್ನೊಂದು ಮನಶ್ಶಾಸ್ತ್ರಜ್ಞೆ ಗಾಬ್ರಿಯೆಲೆ ಎಟಿಂಗನ್ ಅವರ ಕೆಲಸ. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ ಹೆಂಗಸರನ್ನು ಅವರು ಮತ್ತು ಥಾಮಸ್ ವಾಡನ್ ಗಮನಿಸಿದರು. 1991ರಲ್ಲಿ ಅದು ಪ್ರಕಟವಾಯಿತು. ಇಳಿಸಬಲ್ಲೆ ಅನ್ನುವ ನಿರೀಕ್ಷೆ ಇದ್ದವರು ಹೆಚ್ಚು ಇಳಿಸಿದರು. ಆದರೆ ತೆಳ್ಳಗಾಗಿಬಿಟ್ಟಿದ್ದೇನೆ ಅಂತ ಸುಂದರವಾದ ಹಗಲುಗನಸು ಕಂಡವರು ಕಡಿಮೆ ಇಳಿಸಿದರು. ಎರಡೂ ಹೊರಗಿನಿಂದ ಪಾಸಿಟಿವ್ ಆಗಿಯೇ ಕಾಣುತ್ತವೆ, ಅಲ್ವಾ? ನಿರೀಕ್ಷೆ ಹಿಂದಿನ ಅನುಭವದ ಲೆಕ್ಕದಿಂದ ಬರುತ್ತದೆ. ಹಗಲುಗನಸಿಗೆ ಲೆಕ್ಕವೇ ಬೇಡ. ಆಮೇಲೆ ಅವರು ಕಟ್ಟಿದ ವಿಧಾನದಲ್ಲಿ, ಬೇಕಾದದ್ದನ್ನು ಮನಸ್ಸಿಗೆ ತಂದುಕೊಂಡು, ಅದಕ್ಕೆ ಅಡ್ಡ ನಿಂತಿರುವುದು ಏನು ಅಂತಲೂ ಎದುರಿಗಿಟ್ಟುಕೊಂಡು, ಹೀಗಾದರೆ ಹೀಗೆ ಮಾಡುತ್ತೇನೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಮೂರು ಗಂಟೆಯ ಚೀಟಿ ಅಲ್ಲಿಂದ ಬಂದದ್ದು.

ನೆಗೆಟಿವ್ ಯೋಚನೆಗೆ ಪಾಸಿಟಿವ್ ಯೋಚನೆಯೇ ಮದ್ದು ಅನ್ನುವವರಿಗೆ ಇನ್ನೊಂದು ಮಾತು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಏರನ್ ಬೆಕ್ ಖಿನ್ನತೆಗೆ ರೂಪಿಸಿದ ಚಿಕಿತ್ಸೆಯಲ್ಲಿ ರೋಗಿಗೆ ಒಳ್ಳೆಯದನ್ನೇ ಯೋಚಿಸು ಅಂತ ಹೇಳುವುದಿಲ್ಲ. ನಿನ್ನ ಯೋಚನೆಗೆ ಸಾಕ್ಷಿ ಏನು, ಹೋಗಿ ನೋಡಿದೆಯಾ ಅಂತ ಕೇಳುತ್ತಾರೆ. ರೈನ್‌ಗೇಜ್ ನೋಡುವ ಕೆಲಸವೇ ಅದು. ನಾನು ಪಾಸಿಟಿವ್ ಯೋಚನೆಯ ವಿರೋಧಿ ಅಲ್ಲ. ನೋಡದೆ ಬರೆದ ಅಂಕಿಯನ್ನು ಮಾತ್ರ ಒಪ್ಪುವುದಿಲ್ಲ, ಅದು ಸೊನ್ನೆಯಾಗಲಿ ಆರು ಇಂಚಾಗಲಿ.

ಈಗ ಆ ಕೊನೆಯ ಸಲಹೆಯ ವಿಷಯ. ಅದರಲ್ಲಿ ನಾನು ಎಡವಿದೆ. ಹಾಳೆಯನ್ನು ಸಾಹುಕಾರರ ಮುಂದಿಡಿ ಅಂದೆ. ದೊಡ್ಡವರ ಮುಂದೆಯೋ ಚಿಕ್ಕವರ ಮುಂದೆಯೋ ಅಂತ ಬಿಡಿಸಿ ಕೇಳಲಿಲ್ಲ. ರೈಟರ್ ನೇರ ದೊಡ್ಡ ಸಾಹುಕಾರರ ಮನೆಗೆ ಹೋದರು. ಅವರು ಹಾಳೆ ನೋಡಿ ಮಗನನ್ನು ಕರೆದು ಎಲ್ಲರ ಎದುರು ಕೇಳಿದರು. ಚಿಕ್ಕ ಸಾಹುಕಾರರಿಗೆ ಅವಮಾನವಾಯಿತು. “ನನ್ನ ತಲೆ ಮೇಲಿಂದ ಹೋಗೋರು ಬೇರೆ ತೋಟ ನೋಡ್ಕೋಬಹುದು” ಅಂದರಂತೆ. ಆ ರಾತ್ರಿ ಒಂಬತ್ತಕ್ಕೆ ರೈಟರ್ ಫೋನ್ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮುಂದಿನ ಎರಡು ವಾರ ನನಗೂ ನಿದ್ದೆ ಚೆನ್ನಾಗಿರಲಿಲ್ಲ. ನನ್ನ ಕುರ್ಚಿಯಲ್ಲಿ ಕೂತು ನಿಜ ಹೇಳಿ ಅನ್ನುವುದು ಸುಲಭ. ಆಳುಗಳ ಲೈನ್ ಮನೆಯ ಪಕ್ಕದ ಕ್ವಾರ್ಟರ್ಸ್ ಹೋಗುವುದು ಅವರದು. ಮಗಳ ಸ್ಕೂಲು ನಿಲ್ಲುವುದು ಅವರದು. ಸೊನ್ನೆ ಬರೆಯುವುದು ಬೇರೆ, ಆ ಪುಸ್ತಕವನ್ನು ಯಾರಿಗೆ ಯಾವಾಗ ತೋರಿಸಬೇಕು ಅನ್ನುವುದು ಬೇರೆ. ಈಗ ಕೆಲಸದ ವಿಷಯಕ್ಕೆ ಬರುವವರ ಹತ್ತಿರ ಮೊದಲು ಕೇಳುವುದೇ ಇದನ್ನು: ಇದನ್ನು ಹೇಳಿದರೆ ನಿಮಗೆ ಏನಾಗಬಹುದು, ಮೊದಲು ಯಾರಿಗೆ ಹೇಳಿದರೆ ಮರ್ಯಾದೆ ಉಳಿಯುತ್ತದೆ.

ಕೆಲಸ ಹೋಗಲಿಲ್ಲ. ಅದರ ಶ್ರೇಯ ನನಗೆ ಸಲ್ಲುವುದಿಲ್ಲ, ಕಾಫಿಗೆ ಸಲ್ಲುತ್ತದೆ. ಹಣ್ಣು ಕೆಂಪಾಗುತ್ತಿತ್ತು, ಜಗಳಕ್ಕೆ ಪುರುಸೊತ್ತಿರಲಿಲ್ಲ. ಮೇಸ್ತ್ರಿಗೆ ಮುಂಗಡ ಕೊಟ್ಟು ಇನ್ನೂ ಹನ್ನೊಂದು ಆಳು ತರಿಸಿದರು. ಸಾಲಲಿಲ್ಲ. ಒಂದಷ್ಟು ಹಣ್ಣು ಗಿಡದಡಿ ಉದುರಿತು. ರೈಟರ್ ಹೋಗಿ ಚಿಕ್ಕ ಸಾಹುಕಾರರಲ್ಲಿ ತಪ್ಪಾಯಿತು ಅಂದರು, ದಾರಿ ತಪ್ಪಿದ್ದಕ್ಕೆ, ಲೆಕ್ಕಕ್ಕಲ್ಲ. ಹಾಗೆ ಬಿಡಿಸಿ ಹೇಳಿದರಂತೆ. ಡಬ್ಬಿ ಇನ್ನೂ ಆಫೀಸಿನಲ್ಲೇ ಇದೆ. ಈಗ ಅದರಲ್ಲಿ ಟೀ ದುಡ್ಡು ಇಡುತ್ತಾರೆ.

ಮನೆಯ ಕಡೆಯದು ಚಿಕ್ಕದಾಗಿ ಹೇಳುತ್ತೇನೆ, ಅದು ಅವರ ಹೆಂಡತಿಯದೂ ಹೌದು. ಒಂದು ಸಲ ಜೊತೆಗೆ ಬಂದಿದ್ದರು. ಸಾಲದ ಮಾತು ಬಂದಾಗಲೆಲ್ಲ ಇವರು “ಎಲ್ಲಾ ಸರಿಹೋಗುತ್ತೆ” ಅನ್ನುತ್ತಿದ್ದರು, ಅದೂ ಕಾರ್ಡಿನ ಪ್ರಭಾವ. ಆಕೆ ಹೇಳಿದ್ದು ಹೀಗೆ: “ಇವ್ರು ಸರಿಹೋಗುತ್ತೆ ಅಂದಾಗೆಲ್ಲ ನನಗೆ ಭಯ ಜಾಸ್ತಿ ಆಗುತ್ತೆ. ಸರಿಹೋಗುತ್ತೆ ಅಂದ್ರೆ, ಇನ್ನು ಮಾತಾಡ್ಬೇಡ ಅಂತ.” ಈಗ ಭಾನುವಾರ ಸಂಜೆ ಇಬ್ಬರೂ ಸೊಸೈಟಿ ಪಾಸ್‌ಬುಕ್ ತೆಗೆದು ಕೂರುತ್ತಾರೆ. ಸಾಲ ಅಷ್ಟೇ ಇದೆ. ಕಂತು ಎಷ್ಟು ಬಾಕಿ ಅಂತ ಇಬ್ಬರಿಗೂ ಗೊತ್ತಿದೆ.

ಓದುವವರಲ್ಲಿ ಯಾರಿಗಾದರೂ ಇದು ನನ್ನದೇ ಕಥೆ ಅನ್ನಿಸಿದರೆ ಒಂದು ಎಚ್ಚರಿಕೆ. ರೈಟರ್ ಅವರ ತೊಂದರೆ ಹೆಚ್ಚು ಆಳದ್ದಾಗಿರಲಿಲ್ಲ. ಸಾಯುವ ಯೋಚನೆ ಬಂದಿದೆಯಾ ಅಂತ ಮೊದಲ ದಿನವೇ ನೇರವಾಗಿ ಕೇಳಿದ್ದೆ. ಹಾಗೆ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಅವರು ಇಲ್ಲ ಅಂದರು. ಹೌದು ಅಂದಿದ್ದರೆ ಪುಸ್ತಕ, ಸೊನ್ನೆ ಅಂತ ಕೂರದೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ ಅಂದರೆ ಅಲ್ಲಿಗೇ ಹೋಗಿ. ಹೋಗುವುದಕ್ಕೆ ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, 2022ರಿಂದ ಇದೆ, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ರೈಟರ್ ಜನವರಿಯ ಹೊತ್ತಿಗೆ ಬರುವುದನ್ನು ನಿಲ್ಲಿಸಿದರು. ನಿದ್ದೆ ಪೂರ್ತಿ ಸರಿಯಾಗಿರಲಿಲ್ಲ. ವಾರದಲ್ಲಿ ಎರಡು ರಾತ್ರಿ ಇನ್ನೂ ಎಚ್ಚರವಾಗುತ್ತದೆ ಅಂದಿದ್ದರು, ಅದನ್ನೂ ಬರೆದಿಟ್ಟಿದ್ದರು. ಆಮೇಲೆ ಸುದ್ದಿ ಇರಲಿಲ್ಲ. ಮಾರ್ಚ್ ಮೊದಲ ವಾರ ಬೆಳಿಗ್ಗೆ ಎಂಟೂಕಾಲಿಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಹೊಸ ಬೈಂಡಿಂಗ್ ಆದ ಪುಸ್ತಕ, ಸೊನ್ನೆಗಳ ಸಾಲು, ಕೊನೆಯ ಸೊನ್ನೆಯ ಶಾಯಿ ಇನ್ನೂ ಆರಿರಲಿಲ್ಲ. ಕೆಳಗೆ ಬರೆದಿದ್ದರು: “ಇವತ್ತೂ ಸೊನ್ನೆ ಮೇಡಂ. ಪೈಪ್ ಎಳೆಸ್ತಾ ಇದ್ದೀನಿ.”